ಬಿಸಿ ಬೆಳದಿಂಗಳು

1988ನೆಯ ಇಸವಿ. ನಾನಾಗ ರಾಣೆಬೆನ್ನೂರಿನಲ್ಲಿ ಎರಡು ಹುದ್ದೆಗಳನ್ನು ಏಕಕಾಲಕ್ಕೆ ಅಲಂಕರಿಸಿದ್ದೆ. ಹಗಲಿನಲ್ಲಿ, ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅಂಗಡಿಯ ಮಾಲೀಕ. ಸಂಜೆ, ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಈ ಮೂರು ಊರುಗಳ ಹವ್ಯಾಸಿ ನಾಟಕಗಳಿಗೂ ಸಂಗೀತ ಕಛೇರಿಗಳಿಗೂ ಬೆಳಕು ವಿನ್ಯಾಸಕ. ಎರಡನೆಯ ಹುದ್ದೆಗೆ ಬೇರೆ ಉಮೇದುವಾರರೇ ಇರಲಿಲ್ಲವಾದ್ದರಿಂದ ಮೂರೂ ತಾಲೂಕುಗಳಲ್ಲಿ ನಾನೇ ಅತ್ಯುತ್ತಮನೆಂದು ಪರಿಗಣಿತನಾಗಿದ್ದೆ.

ನನ್ನ ಆಯುಧಾಗಾರದಲ್ಲಿ 500 ವ್ಯಾಟಿನ ಆರು ಸ್ಪಾಟ್‌ಲೈಟು, 1000 ವ್ಯಾಟಿನದು ಒಂದು, ಮತ್ತು ಮೂರು ಡಿಮ್ಮರುಗಳಿದ್ದವು. ಡಿಮ್ಮರ್ ಎಂದರೆ ಬೆಳಕನ್ನು ನಿಧಾನವಾಗಿ ಏರಿಸಿ ಇಳಿಸುವ ಸಾಧನ. ದೊಡ್ಡ ಊರಿನ ರಂಗಮಂದಿರಗಳಲ್ಲಿ ಅದು ಹೊಳೆಯುವ ಗುಬುಟುಗಳ ಪೆಟ್ಟಿಗೆಯಾಗಿರುತ್ತದೆ. ನನ್ನದು ಚರಂಡಿಗೆ ಹೂಳುವ ಮಣ್ಣಿನ ಪೈಪು. ತಳಕ್ಕೆ ಸಿಮೆಂಟು ಮೆತ್ತಿ, ಉಪ್ಪುನೀರು ತುಂಬಿ, ತಳದಲ್ಲೊಂದು ಕಬ್ಬಿಣದ ತಟ್ಟೆ ಇಟ್ಟು, ಇನ್ನೊಂದನ್ನು ಮೇಲಿನಿಂದ ಹಗ್ಗದಲ್ಲಿ ಇಳಿಬಿಡುವುದು. ತಟ್ಟೆಗಳು ಹತ್ತಿರ ಬಂದಷ್ಟೂ ದೀಪ ಪ್ರಖರ, ದೂರ ಸರಿದಷ್ಟೂ ಮಂದ. ಯಾರಾದರೂ ನೀರಿಗೆ ಕೈ ಹಾಕಿದರೆ ಮಾತ್ರ ನಾಟಕ ಅಲ್ಲಿಗೇ ಮುಗಿಯುತ್ತಿತ್ತು, ಕೈ ಹಾಕಿದವನದೂ.

ಆ ವರ್ಷ ಹಾವೇರಿಯ ಒಂದು ಹವ್ಯಾಸಿ ತಂಡ ಹೊಸ ನಾಟಕ ಎತ್ತಿಕೊಂಡಿತು. ಬರೆದವನೂ ನಿರ್ದೇಶಕನೂ ಶ್ರೀಧರನೆಂಬ ತರುಣ. ಹೊರಗೆ ಒಂದು ವರ್ಷ ರಂಗಶಿಕ್ಷಣ ಪಡೆದು ಬಂದಿದ್ದ. ಅಲ್ಲಿಂದ ತಂದ ಮುಖ್ಯ ವಸ್ತುವೆಂದರೆ ಗಡ್ಡ. ನಾಟಕದ ನಾಯಕ ಒಬ್ಬ ಮುದಿ ಕಿಲ್ಲೇದಾರ, ಅಂದರೆ ಕೋಟೆಯ ಕಾವಲುಗಾರರ ಮುಖ್ಯಸ್ಥ. ಕೊನೆಯ ದೃಶ್ಯದಲ್ಲಿ ಅವನು ಕೋಟೆಯ ಮೇಲೆ ಬರಿಗಾಲಲ್ಲಿ, ದೀರ್ಘವಾದ ಮಾತಾಡುತ್ತ ಪ್ರೇಕ್ಷಕರ ಕಡೆಗೆ ನಡೆದುಬಂದು, ಅಂಚಿನಲ್ಲಿ ನಿಂತು ಬೀಗದ ಕೈ ಗೊಂಚಲನ್ನು ಕೆಳಗಿಡಬೇಕು. ಕೋಟೆಯನ್ನು ಕಟ್ಟಿದವನು ಬ್ಯಾಡಗಿಯ ಬಡಗಿ ಮೌಲಾಸಾಬ. ಆರು ಅಡಿ ಎತ್ತರ, ಹದಿನಾಲ್ಕು ಅಡಿ ಉದ್ದ, ಮೂರೂವರೆ ಅಡಿ ಅಗಲದ ಹಲಗೆಯ ದಾರಿ. ಒಳಗೆ ಟೊಳ್ಳು, ಸುತ್ತ ಕಲ್ಲಿನ ಬಣ್ಣ ಬಳಿದ ಬಟ್ಟೆ. ತುದಿಗೆ ಕಟಾಂಜನವಿಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ಕಟಾಂಜನವಿದ್ದರೆ ಏಕಾಂತದ ಭಾವ ಬರುವುದಿಲ್ಲವೆಂದು ಶ್ರೀಧರನ ಅಭಿಪ್ರಾಯ.

ಕಿಲ್ಲೇದಾರನ ಪಾತ್ರ ಮೇಡ್ಲೇರಿಯ ಗುರುಶಾಂತಪ್ಪ ಮಾಸ್ತರರದು. ಮೂವತ್ತು ವರ್ಷ ನಾಟಕ ಕಂಪನಿಗಳಲ್ಲಿ ರಾಜ್ಯಭಾರ ಮಾಡಿ, ಕಂಪನಿಗಳು ಮುಚ್ಚಿದ ಮೇಲೆ ಐದು ವರ್ಷ ಮುಖಕ್ಕೆ ಬಣ್ಣ ಹಚ್ಚದೆ ಕುಳಿತಿದ್ದವರು. ಪ್ರದರ್ಶನಕ್ಕೆ ಮೂರು ವಾರವಿದ್ದಾಗ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದರು. ನಾನು ಸ್ಟೂಲು ತೋರಿಸಿದೆ. ಅವರು ಸ್ಟೂಲಿನ ಪಕ್ಕದ ಗಾಳಿಯ ಮೇಲೆ ಕೂರಲು ಹೋದರು. ನಾನು ಹಿಡಿದೆ.

"ಹಿಡದ್ಯಲ್ಲ? ಅದನ್ನ ಹೇಳಾಕ ಬಂದೇನಿ, ನಾಗಪ್ಪಾ," ಎಂದರು. "ಕಣ್ಣಿನ ನರಾ ಒಣಗ್ಯಾವಂತ. ದಾಕ್ತರು ಕೈ ಎತ್ಯಾರ. ದೀಪಾ ಹತ್ತೇತೋ ಆರೇತೋ ಅಷ್ಟ ತಿಳಿತೈತಿ. ಅಂಚು ತಿಳಿಯಂಗಿಲ್ಲ."

"ಮತ್ತ ಕೋಟಿ ಮ್ಯಾಲೆ ಹೆಂಗ ನಡಿತೀರಿ? ಹೆಜ್ಜಿ ಎಣಸ್ತೀರೇನು?"

"ಹೆಜ್ಜಿ ಎಣಿಸಿದ್ರ ಮಾತು ಹೋಕ್ಕಾವು. ಮಾತು ಎಣಿಸಿದ್ರ ಹೆಜ್ಜಿ ಹೋಕ್ಕಾವು. ನಿನ್ನ ದೊಡ್ಡ ದೀಪಾ ಐತಲ್ಲ, ಅದನ್ನ ಅಂಚಿನ ಮುಂದ ನನ್ನ ಮಾರಿ ಮಟ್ಟಕ್ಕ ಕಟ್ಟು. ಗಲ್ಲಕ್ಕ ಬಿಸಿ ಹತ್ತಿದ ಕೂಡಲೇ ನಿಲ್ತೇನಿ. ಕಂಪನ್ಯಾಗ ಗ್ಯಾಸ್ ಬತ್ತಿ ಕಾಲದಿಂದ ನಾವು ಬೆಳಕು ಹುಡುಕೂದು ಕಣ್ಣಿಲೆ ಅಲ್ಲೋ, ಚರ್ಮದಲೆ."

ಅದು ನಿಜ. ಅನುಭವಿ ನಟ ದೀಪದ ಶಾಖದಿಂದಲೇ ತನ್ನ ಜಾಗ ಹಿಡಿಯುತ್ತಾನೆ. ಅಂಗಡಿಯಲ್ಲೇ ದೀಪ ಹಚ್ಚಿ ಪರೀಕ್ಷಿಸಿದೆವು. ಹತ್ತು ಸಲವೂ ಒಂದೇ ಗೆರೆಯ ಮೇಲೆ ನಿಂತರು. ಹೋಗುವಾಗ ನನ್ನ ಕೈ ಹಿಡಿದು ಭಾಷೆ ತೆಗೆದುಕೊಂಡರು.

"ಯಾರಿಗೂ ಹೇಳಬ್ಯಾಡ. ಗೊತ್ತಾದ್ರ ವೇಷಾ ಕಸೀತಾರ. ಕಣ್ಣು ಹ್ವಾದ್ರ ಹೋಗ್ಲಿ, ವೇಷಾ ಹೋಗಬಾರದು."

ನಾನು ಭಾಷೆ ಕೊಟ್ಟೆ. ಕೊಡುವಾಗ ನನ್ನ ಹೃದಯವೈಶಾಲ್ಯದ ಬಗ್ಗೆ ನನಗೇ ಗೌರವ ಉಂಟಾಯಿತು. ಬೋನಿನ ಬಾಗಿಲು ಮುಚ್ಚಿದ ಸದ್ದು ಆಗ ಕೇಳಿಸಲಿಲ್ಲ.

ತಾಲೀಮು ನಡೆಯುತ್ತಿದ್ದುದು ಶಾಲೆಯ ಕೋಣೆಯಲ್ಲಿ, ನೆಲದ ಮೇಲೆ ಸೀಮೆಸುಣ್ಣದಿಂದ ಗೀಚಿದ ಕೋಟೆಯಲ್ಲಿ. ಅಲ್ಲಿಂದ ಬೀಳಲು ಯಾರಿಗೂ ಸಾಧ್ಯವಿರಲಿಲ್ಲ. ನಿಜವಾದ ಕೋಟೆ ರಂಗವೇರಿದ್ದು ಪ್ರದರ್ಶನದ ಹಿಂದಿನ ದಿನ. ನಾನು 1000 ವ್ಯಾಟಿನ ದೀಪವನ್ನು ಎದುರಿನ ಬೊಂಬಿಗೆ ಕಟ್ಟಿ ಹಚ್ಚಿದೆ. ಶ್ರೀಧರ ಕಣ್ಣು ಕಿರಿದು ಮಾಡಿ ನೋಡಿದ, ಗಡ್ಡ ಸವರಿದ.

"ಅದನ್ನ ತಗೀರಿ ಸರ್. ಎದುರಿಂದ ದೀಪಾ ಬಿದ್ರ ಕಿಲ್ಲೇದಾರ ಫೋಟೋ ಸ್ಟುಡಿಯೋದಾಗ ನಿಂತಂಗ ಕಾಣ್ತಾನ. ನನಗ ಬೆಳದಿಂಗಳ ಬೇಕು. ತಣ್ಣನ ಬೆಳದಿಂಗಳು."

ಮಾಸ್ತರರು ಕೋಟೆಯ ಮೆಟ್ಟಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡರು. ನನ್ನ ಕಡೆಗೆ, ಅಂದರೆ ನಾನಿದ್ದೇನೆಂದು ಅವರು ನಂಬಿದ್ದ ದಿಕ್ಕಿಗೆ, ಸುಮ್ಮನೆ ಮುಖ ತಿರುಗಿಸಿದರು.

ದೀಪ ತೆಗೆದರೆ ಮುದುಕ ಬೀಳುತ್ತಾನೆ. ಯಾಕೆ ತೆಗೆಯಬಾರದೆಂದು ಹೇಳಿದರೆ ಮುದುಕನ ಪಾತ್ರ ಹೋಗುತ್ತದೆ. ಆ ರಾತ್ರಿ ನಿದ್ದೆಗೆಟ್ಟ ಮೇಲೆ ಭೌತವಿಜ್ಞಾನ ನನ್ನ ಕೈ ಹಿಡಿಯಿತು. ದೀಪದ ಮುಂದೆ ಹಿಡಿಯುವ ಬಣ್ಣದ ಪಾರದರ್ಶಕ ಹಾಳೆಗೆ ಜಿಲೆಟಿನ್ ಎನ್ನುತ್ತೇವೆ. ಕಡುನೀಲಿ ಜಿಲೆಟಿನ್ ದೀಪದ ಹಳದಿ ಕೆಂಪು ಬೆಳಕನ್ನು ತಡೆಯುತ್ತದೆ. ಶಾಖವನ್ನು ಮಾತ್ರ ಹೆಚ್ಚುಕಡಿಮೆ ಹಾಗೇ ಬಿಡುತ್ತದೆ. ನೋಡಲು ಬೆಳದಿಂಗಳು, ಮುಟ್ಟಿದರೆ ಒಲೆ. ಆ ದೀಪವನ್ನು ಕೋಟೆಯ ಹೊಟ್ಟೆಯೊಳಗೆ ಬಚ್ಚಿಟ್ಟು, ಅಂಚಿಗಿಂತ ಒಂದೂವರೆ ಅಡಿ ಹಿಂದೆ ಹಲಗೆಯಲ್ಲಿ ಅಡ್ಡಲಾಗಿ ಒಂದಿಂಚಿನ ಸೀಳು ಬಿಟ್ಟರೆ, ಬರಿಗಾಲಿಗೆ ಬಿಸಿ ಹತ್ತಿದಲ್ಲಿ ನಿಲ್ಲಬಹುದು.

ಬೆಳಿಗ್ಗೆ ಶ್ರೀಧರನಿಗೆ ಗಂಭೀರವಾಗಿ ವಿವರಿಸಿದೆ: ಇದು ಕಂದಕದ ನೀರಿನಲ್ಲಿ ಪ್ರತಿಫಲಿಸಿ ಮೇಲೇಳುವ ಬೆಳದಿಂಗಳು. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಸೀಳು ಕೊಯ್ಯಲು ಹೇಳಿದಾಗ ಮೌಲಾಸಾಬ ಮಾತ್ರ ಗರಗಸ ಕೆಳಗಿಟ್ಟು ನನ್ನನ್ನು ನೋಡಿದ.

"ನೆಲದಾಗಿಂದ ಬೆಳದಿಂಗಳೇನ್ರಿ?"

"ಹೌದಪಾ."

"ಆತು ಬಿಡ್ರಿ. ಶಾಣ್ಯಾರ ನಾಟಕ. ನಮಗೇನು ತಿಳಿತೈತಿ."

ಸೀಳು ಸಿದ್ಧವಾದ ಮೇಲೆ ಮಾಸ್ತರರನ್ನು ಅದರ ಮೇಲೆ ನಡೆಸಿ, ಇನ್ನು ಗಲ್ಲಕ್ಕಲ್ಲ, ಅಂಗಾಲಿಗೆ ಬಿಸಿ ಹತ್ತಿದಲ್ಲಿ ನಿಲ್ಲಬೇಕೆಂದು ಗುಟ್ಟಾಗಿ ಕಲಿಸಿದೆ. ಒಂದು ತೊಡಕಿತ್ತು. ಅಷ್ಟು ಶಾಖಕ್ಕೆ ಜಿಲೆಟಿನ್ ನಾಲ್ಕೇ ನಿಮಿಷದಲ್ಲಿ ಕರಗಿ ತೂತಾಗುತ್ತಿತ್ತು. ಅದನ್ನು ಬದಲಿಸಲು, ಹಲಗೆ ಹೊತ್ತಿಕೊಳ್ಳದಂತೆ ನೋಡಲು, ಯಾರಾದರೂ ಒಳಗೆ ಕೂರಲೇಬೇಕು. ಗುಟ್ಟು ಗೊತ್ತಿದ್ದವನು ನಾನೊಬ್ಬನೇ. ಡಿಮ್ಮರಿನ ಹಗ್ಗಗಳನ್ನು ಮೌಲಾಸಾಬನಿಗೆ ಒಪ್ಪಿಸಿದೆ. ಬಾವಿಯಿಂದ ನೀರು ಸೇದಿದವನಿಗೆ ಆ ವಿದ್ಯೆ ಕಷ್ಟವಲ್ಲ.

ಭಾನುವಾರ ಸಂಜೆ ಆರೂವರೆಗೆ ಹಾವೇರಿಯಲ್ಲಿ ಪರದೆ ಎದ್ದಿತು. ವಿರಾಮದಲ್ಲಿ ನಾನು ಐದು ಜಿಲೆಟಿನ್ ಹಾಳೆ, ಒಂದು ಇಕ್ಕಳ, ಒಂದು ತಂಬಿಗೆ ನೀರಿನೊಂದಿಗೆ ಹಿಂದಿನ ಕಿಂಡಿಯಿಂದ ಕೋಟೆಯನ್ನು ಪ್ರವೇಶಿಸಿದೆ. ಐದು ನಿಮಿಷವಾಗಿರಬಹುದು, ದರ್ಬಾರಿನ ದೃಶ್ಯ ಮುಗಿಸಿದ ಹುಡುಗರು ಸಿಂಹಾಸನ, ಎರಡು ಕಂಬ, ಒಂದು ಆನೆಯ ತಲೆ ಎಲ್ಲವನ್ನೂ ತಂದು ಆ ಕಿಂಡಿಗೇ ಒರಗಿಸಿಬಿಟ್ಟರು. ತಳ್ಳಿ ನೋಡಿದೆ. ಆನೆ ಅಲುಗಲಿಲ್ಲ. ಇತಿಹಾಸದಲ್ಲಿ ಕೋಟೆಯೊಳಗೆ ಸೆರೆಸಿಕ್ಕವರು ಬಹಳ. ತನ್ನ ಸೆರೆಮನೆಗೆ ತಾನೇ 1000 ವ್ಯಾಟಿನ ಒಲೆ ಹೊತ್ತು ತಂದವನು ನಾನೊಬ್ಬನೇ ಇರಬೇಕು.

ಕೊನೆಯ ದೃಶ್ಯಕ್ಕೆ ದೀಪ ಹಚ್ಚಿದೆ. ಎರಡು ನಿಮಿಷದಲ್ಲಿ ಅಂಗಿ ಮೈಗಂಟಿತು. ನೆಟ್ಟಗೆ ನಿಲ್ಲಲು ಎತ್ತರವಿಲ್ಲ; ಅಡ್ಡ ಹಾಕಿದ ತೊಲೆಗಳ ನಡುವೆ ಕತ್ತು ಬಗ್ಗಿಸಿ, ಬಣ್ಣದ ಬಟ್ಟೆಯ ವಾಸನೆ ಕುಡಿಯುತ್ತ, ಸೀಳಿನ ಕಡೆ ಮುಖ ಮಾಡಿದ್ದೆ. ಮೇಲೆ ಮಾಸ್ತರರ ಕಂಚಿನ ಕಂಠ ಆರಂಭವಾಯಿತು. ಹಲಗೆ ಕಿರ್ರೆಂದಿತು. ಮೊದಲ ಜಿಲೆಟಿನ್ ಬದಲಿಸಿದೆ. ಎರಡನೆಯದನ್ನು ಬದಲಿಸಿದೆ. ಹೆಜ್ಜೆಗಳು ನನ್ನ ತಲೆಯ ಮೇಲೆ ಬಂದು ನಿಂತವು, ಮಾತು ಮುಂದುವರಿಯಿತು, ಮತ್ತೆ ಹೆಜ್ಜೆ.

ಆಗ ದೀಪ ಕೆಂಪಗಾಯಿತು.

ಓದುಗರು ಗಮನಿಸಬೇಕು: ವೋಲ್ಟೇಜ್ ಬೀಳುವುದು ನನ್ನ ಹೊಟ್ಟೆಪಾಡು. ವೋಲ್ಟೇಜ್ ಬಿದ್ದರೆ ಮೋಟರು ಸುಡುತ್ತದೆ, ಸುಟ್ಟ ಮೋಟರು ನನ್ನ ಅಂಗಡಿಗೆ ಬರುತ್ತದೆ. ಹತ್ತು ವರ್ಷ ಆ ಇಳಿತಕ್ಕೆ ಕೃತಜ್ಞನಾಗಿದ್ದ ನಾನು ಈ ಲೆಕ್ಕವನ್ನೇ ಮರೆತಿದ್ದೆ. 230 ಇರಬೇಕಾದದ್ದು 150ಕ್ಕೆ ಇಳಿದಿರಬೇಕು; ಶಾಖ ಅರ್ಧಕ್ಕೆ ಬಿತ್ತು. ಆ ದೀಪ ಡಿಮ್ಮರಿಲ್ಲದೆ ನೇರ ಲೈನಿನಲ್ಲಿತ್ತು, ಏರಿಸಲು ಇನ್ನೇನೂ ಇರಲಿಲ್ಲ. ಮತ್ತು ಬಿಸಿ ಹತ್ತಿದಲ್ಲಿ ನಿಲ್ಲಬೇಕೆಂದು ನಾನೇ ಕಲಿಸಿದ ಮನುಷ್ಯ, ಬಿಸಿಯನ್ನು ಹುಡುಕಿಕೊಂಡು ಮುಂದೆ ಬರುತ್ತಿದ್ದ.

ಕೂಗಿದರೆ ಬೆಚ್ಚಿ ಮುಂದಕ್ಕೇ ಮುಗ್ಗರಿಸಬಹುದು. ಹೊರಗೆ ಓಡಲು ಆನೆ ಅಡ್ಡ ನಿಂತಿದೆ. ಸೀಳಿನ ಮೇಲೆ ಹೆಬ್ಬೆರಳು ಬಂತು. ಅಂಗಾಲು ಬಂತು, ಸೀಳು ಪೂರ್ತಿ ಮುಚ್ಚಿತು. ಆ ಪಾದ ಅಲ್ಲಿ ಅನುಮಾನಿಸಿತು. ಇಷ್ಟೇ ಬಿಸಿಯೇ, ಇನ್ನೂ ಇದೆಯೇ ಎಂದು ಕೇಳುವಂತೆ ಬೆರಳುಗಳು ಒಮ್ಮೆ ಮಡಚಿಕೊಂಡವು. ಆಮೇಲೆ ಹಿಮ್ಮಡಿ ಎದ್ದಿತು.

ನಾನು ಇಕ್ಕಳ ಎತ್ತಿ ಆ ಪಾದದ ಕೆಳಗಿನ ಹಲಗೆಗೆ ಮೂರು ಸಲ ಬಡಿದೆ.

ಮಾತು ನಿಂತಿತು. ಎದ್ದ ಹಿಮ್ಮಡಿ ಎಷ್ಟು ಹೊತ್ತು ಗಾಳಿಯಲ್ಲಿತ್ತೋ ಹೇಳಲಾರೆ. ಆಮೇಲೆ ಅದು ಇದ್ದಲ್ಲಿಗೇ ಇಳಿಯಿತು. ಮಾಸ್ತರರು ನಾಟಕದಲ್ಲಿ ಎಲ್ಲೂ ಇಲ್ಲದ ಮಾತೊಂದನ್ನು ಆಡಿದರು:

"ಯಾರದು, ಕೋಟೆಯ ಬಾಗಿಲು ಬಡಿಯುವವರು? ಇಗೋ, ಬೀಗದ ಕೈ ಇಲ್ಲಿಟ್ಟಿದ್ದೇನೆ. ಇನ್ನು ನೀವುಂಟು, ಕೋಟೆಯುಂಟು."

ಗೊಂಚಲು ನನ್ನ ತಲೆಯ ಮೇಲೆ ಝಣ್ ಎಂದಿತು. ಚಪ್ಪಾಳೆಯ ಸದ್ದಿಗೆ ಕೋಟೆ ನಡುಗಿತು. ಬಹುಶಃ ನಡುಗಿದ್ದು ನಾನು.

ಆನೆಯನ್ನು ಸರಿಸಿ ನನ್ನನ್ನು ಹೊರಗೆಳೆದಾಗ ಮಾಸ್ತರರು ಬಣ್ಣದ ಕೋಣೆಯಲ್ಲಿ ಒಬ್ಬರೇ ಕುಳಿತಿದ್ದರು.

"ಬಿಸಿ ಎಲ್ಲಿ ಹೋತೋ?" ಎಂದರು.

"ವೋಲ್ಟೇಜ್ ಬಿತ್ರಿ."

"ನಾನೂ ಹೊಂಟಿದ್ದೆ ಅದರ ಬೆನ್ನಿಗೆ." ನಕ್ಕರು.

ಅಷ್ಟರಲ್ಲಿ ಶ್ರೀಧರ ನುಗ್ಗಿ ಬಂದ. "ಆ ಬಡಿತಾ ಸರ್! ವಿಧಿನ ಬಂದು ಬಡದಂಗಾತು. ಹದಿನೈದು ದಿನಕ್ಕ ಬ್ಯಾಡಗಿಯೊಳಗ ಪ್ರಯೋಗ ಗೊತ್ತಾತು. ಅಲ್ಲೂ ಬಡೀರಿ. ಹಿಂಗ ಬಡೀರಿ!"

ಸೆರೆಮನೆಯಿಂದ ಹೊರಬಂದ ಕೈದಿಗೆ, ನಿನ್ನ ನಡತೆ ಚೆನ್ನಾಗಿದೆ, ಇನ್ನೊಮ್ಮೆ ಬಾ ಎಂದಂತಾಯಿತು. ಎರಡು ದಿನ ಒಂದು ಮೋಟರನ್ನೂ ಮುಟ್ಟಲಾಗಲಿಲ್ಲ. ಕಣ್ಣು ಮುಚ್ಚಿದರೆ ಆ ಹಿಮ್ಮಡಿ. ಮೂರನೆಯ ದಿನ ಬಸ್ಸು ಹಿಡಿದು ಮೇಡ್ಲೇರಿಗೆ ಹೋದೆ.

"ಮಾಸ್ತರ, ಇನ್ನ ನನ್ನ ಕೈಲೆ ಆಗಂಗಿಲ್ಲ. ನೀವ ಹೇಳ್ರಿ. ಇಲ್ಲಾಂದ್ರ ನಾ ಹೇಳ್ತೇನಿ."

"ಭಾಷೆ ಕೊಟ್ಟಿದ್ಯಲ್ಲೋ."

"ಕೊಟ್ಟಿದ್ನಿ. ತಪ್ಪು ಮಾಡೀನಿ."

"ಹಂಗಾರ ಒಬ್ಬಗ ಹೇಳ್ತೇನಿ," ಎಂದರು ಕೊನೆಗೆ. "ಶ್ರೀಧರಗ ಅಲ್ಲ. ಆ ಅಂಚು ಮಾಡ್ಯಾನಲ್ಲ, ಅವಗ."

ಬ್ಯಾಡಗಿಯಲ್ಲಿ ಮೌಲಾಸಾಬನ ಕೆಲಸದ ಚಪ್ಪರದಲ್ಲಿ ಮಾಸ್ತರರು ಎಲ್ಲವನ್ನೂ ತಾವೇ ಹೇಳಿದರು. ಅವನು ಉಜ್ಜುಗೊರಡು ನಿಲ್ಲಿಸಿ ಕೇಳಿದ. ಕೇಳಿ ಮುಗಿದ ಮೇಲೆ ಮಾಸ್ತರರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದ.

"ಅಲ್ರೀ ಸಾಹೇಬ್ರ, ಕಾಳು ತುಂಬೂ ನೆಲದಾಗಿನ ಹಗೇವಿನ ಬಾಯಿ ತೆರದಿದ್ರ ಮುಚ್ಚಬೇಕು. ನೀವು ಅದರ ದಂಡ್ಯಾಗ ದೀಪಾ ಹಚ್ಚಿಟ್ಟು ಕುಂತ್ರೇನ್ರಿ? ಅದೂ ಕಣ್ಣು ಕಾಣದಾವರಿಗೆ?"

ಮೂಲೆಯಿಂದ ಒಂದು ಕಟ್ಟಿಗೆ ಪಟ್ಟಿ ಎತ್ತಿ ನನ್ನ ಮುಂದೆ ಹಿಡಿದ.

"ಒಂದ ಪಟ್ಟಿ ಬಡೀತಿದ್ನೆಲ್ರಿ! ಯಾಕ ಅಂತ ಕೇಳ್ತಿದ್ದಿಲ್ಲ ನಾನು. ಬೆಳದಿಂಗಳಿಗಂತ ಹಲಗಿ ಕೊಯ್ದು ಕೊಟ್ಟಾವ, ಪಟ್ಟಿಗೆ ಕಾರಣಾ ಕೇಳ್ತಿದ್ನೇನು?"

ಕೋಟೆಯ ಹಲಗೆಗಳು ಅವನ ಚಪ್ಪರದಲ್ಲೇ ಇದ್ದವು. ಸೀಳನ್ನು ಮುಚ್ಚಿ, ಅದೇ ಜಾಗದಲ್ಲಿ ಅರ್ಧ ಇಂಚು ದಪ್ಪದ ಒಂದು ಕಟ್ಟಿಗೆ ಪಟ್ಟಿಯನ್ನು ಅಡ್ಡಲಾಗಿ ಬಡಿದ. ಆರು ಮೊಳೆ. ತರಿಸಿದ ಚಹಾ ಇನ್ನೂ ಬಂದಿರಲಿಲ್ಲ. ಮಾಸ್ತರರು ಚಪ್ಪಲಿ ಬಿಟ್ಟು ಹಲಗೆಯ ಮೇಲೆ ನಡೆದರು. ಬೆರಳು ಪಟ್ಟಿಗೆ ತಾಗಿತು, ನಿಂತರು. ಹಿಂದೆ ಹೋಗಿ ಬೇಗ ಬಂದರು, ನಿಂತರು. ಮಾತಾಡುತ್ತ ಬಂದರು, ತಿರುಗಿ ಬಂದರು. ಎಂಟನೆಯ ಸಲ ಕೈ ಮೇಲೆತ್ತಿ, ಕಂಪನಿಯ ಕಾಲದ ರಾಜನ ಗತ್ತಿನಲ್ಲಿ ಬಂದು ನಿಂತು, "ಮೌಲಾ, ಈ ಕಿಲ್ಲೇದ ವೋಲ್ಟೇಜ್ ಬೀಳಂಗಿಲ್ಲ ಹೌದಿಲ್ಲೋ?" ಎಂದರು.

ಬ್ಯಾಡಗಿಯ ಪ್ರಯೋಗದಲ್ಲಿ ನಾನು ಆ ದೃಶ್ಯವನ್ನು ಮೊದಲ ಸಲ ಎದುರಿನಿಂದ ನೋಡಿದೆ. ಉಳಿದ ದೀಪಗಳಿಗೆ ನಾನು ಕಟ್ಟಿದ್ದ ನೀಲಿ ತೀರ ಅತಿಯಾಗಿತ್ತು. ಹಾವೇರಿಯವರು ಕಿಲ್ಲೇದಾರನ ಮುಖವನ್ನೇ ಸರಿಯಾಗಿ ಕಂಡಿರಲಾರರು. ಮಾಸ್ತರರು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತರು. ಬಡಿತವನ್ನು ಮೌಲಾಸಾಬನೇ ಪಕ್ಕದಿಂದ ಕೊಡತಿಯಲ್ಲಿ ಬಡಿದ, ನನಗಿಂತ ಚೆನ್ನಾಗಿ. ಆ ವೇಷವನ್ನು ಅವರು ಮುಂದೆ ಇನ್ನೂ ಏಳು ಸಲ ಹಾಕಿದರು.

ನಾನು ಆಮೇಲೆ ಇಪ್ಪತ್ತು ವರ್ಷ ಈ ಕೆಲಸ ಮಾಡಿದೆ. ದೀಪ ಕಟ್ಟುವ ಮೊದಲು ಬರಿಗಾಲಲ್ಲಿ ರಂಗದ ಮೇಲೆಲ್ಲ ನಡೆದು ನೋಡುವುದನ್ನು ಒಂದು ಪ್ರಯೋಗಕ್ಕೂ ತಪ್ಪಿಸಲಿಲ್ಲ. ಕೈಯಲ್ಲಿ ದೀಪವಿದ್ದವನಿಗೆ ಜಗತ್ತಿನ ಎಲ್ಲ ಕಷ್ಟಗಳೂ ಕತ್ತಲೆಯಂತೆಯೇ ಕಾಣುತ್ತವೆ. ಬೆಳಕಿನ ಕೆಲಸ ತೋರಿಸುವುದು. ತಡೆಯುವುದು ಕಟ್ಟಿಗೆಯ ಕೆಲಸ. ಇಷ್ಟನ್ನು ಕಲಿಯಲು ನಾನು ಒಬ್ಬ ಮುದುಕನನ್ನು ಆರು ಅಡಿ ಎತ್ತರದ ಅಂಚಿನವರೆಗೆ ನಡೆಸಬೇಕಾಗಿರಲಿಲ್ಲ.