ಕನ್ನಡಿಗೆ ದಿಂಬಿನ ಕವರ್ ತೊಡಿಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ಡಿಪೋದ ಅಂಗಳದಲ್ಲಿ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಬಸ್ಸಿನ ಬದಿಗನ್ನಡಿಯನ್ನು ತಿಕ್ಕಿ ತಿಕ್ಕಿ ಒರೆಸುತ್ತಿದ್ದಾರೆ. ಫಳಫಳ ಹೊಳೆದದ್ದೇ ತಡ, ಅದಕ್ಕೊಂದು ಹೂವಿನ ಚಿತ್ತಾರದ ದಿಂಬಿನ ಕವರ್ ತೊಡಿಸಿ, ಬಕೆಟ್ ಎತ್ತಿಕೊಂಡು ಮುಂದಿನ ಬಸ್ಸಿನತ್ತ ಹೋಗುತ್ತಾರೆ. ಇದೆಂಥ ಹುಚ್ಚು ಎನ್ನುವವರು ಒಮ್ಮೆ ಶೆಡ್ಡಿನ ತುದಿ ನೋಡಬೇಕು. ಅಲ್ಲಿ ಬಾಲ ನಿಗುರಿಸಿ ಕೂತ ಕಪ್ಪು-ಬಿಳುಪಿನ ಮಡಿವಾಳ ಹಕ್ಕಿ ಗಂಟಲು ಬಿಚ್ಚಿ ಹಾಡುತ್ತಿದೆ.

ಡ್ರೈವರ್‌ಗಳೆಲ್ಲ ಇವರನ್ನು ಕರೆಯುವುದು ‘ಅಕ್ಕ’ ಎಂದೇ. ಬಸ್ ತೊಳೆದೇ ಇಬ್ಬರು ಮಕ್ಕಳನ್ನು ದಡ ಸೇರಿಸಿದವರು. ಚಳಿಗೆ ಬೆರಳು ಸೆಟೆದುಕೊಳ್ಳುತ್ತವೆ, ಸೋಪಿನ ನೀರಿಗೆ ಅಂಗೈ ಬಿರಿಯುತ್ತದೆ. ದೂರು ಹೇಳುವ ಜಾಯಮಾನ ಅವರದಲ್ಲ. ಹಕ್ಕಿಯ ಮಾತೆತ್ತಿದಿರೋ, ಬಾಯಿಗೆ ಬ್ರೇಕೇ ಇಲ್ಲ!

“ಗೋಡೆಯ ಒಡೆದ ಪೈಪಲ್ಲಿ ಗೂಡು ಕಟ್ಟಿದ್ದೆಲ್ಲ ಹೆಣ್ಣು. ಇವನದು ಹಾಡೋದು, ಗಡಿ ಕಾಯೋದು. ಇನ್ನೊಂದು ಗಂಡು ಇಣುಕಿದ್ರೂ ಸಾಕು, ಮೈಮೇಲೆ ಬೀಳ್ತಾನೆ.”

ಎಡವಟ್ಟಾದದ್ದು ಅಲ್ಲೇ. ಮೊಟ್ಟೆಯೊಡೆದು ಮರಿ ಬಂದ ವಾರದಲ್ಲೇ ಈ ಜಗಳಗಂಟನಿಗೆ ಬಸ್ಸಿನ ಕನ್ನಡಿಯೊಳಗೆ ಎದುರಾಳಿಯೊಬ್ಬ ಕಂಡ. ಹೆಣ್ಣು ಒಂಟಿಯಾಗಿ ಹುಳ ತಂದು ತಂದು ಸುಸ್ತಾಗುತ್ತಿದ್ದರೆ, ಇವನು ಬೆಳಗಿಡೀ ತನ್ನ ಬಿಂಬವನ್ನೇ ಕುಕ್ಕುತ್ತಿದ್ದ. ಒಂದು ದಿನ ಅಕ್ಕನಿಗೆ ಗಾಜಿನ ಮೇಲೆ ರಕ್ತವೂ ಕಂಡಿತು.

“ಪೈಪೊಳಗೆ ಮರಿಗಳ ಕೂಗು ದಿನದಿನಕ್ಕೂ ಸಣ್ಣಗಾಗ್ತಿತ್ತು. ನಾನು ಚೆನ್ನಾಗಿ ಒರೆಸಿದಷ್ಟೂ ಅವನ ಜಗಳ ಜೋರು. ಅಯ್ಯೋ, ಈ ಪಾಪ ನನಗೇ ಸುತ್ಕೊಳ್ತಲ್ಲಪ್ಪ ಅನ್ನಿಸ್ತು.”

ಕನ್ನಡಿ ಒರೆಸದೆ ಬಿಡಬಹುದಿತ್ತಲ್ಲ ಎಂದೆ. ಕೇಳಬಾರದ್ದನ್ನು ಕೇಳಿದವನಂತೆ ನನ್ನನ್ನು ನೋಡಿದರು. “ಚೆನ್ನಾಗಿ ಹೇಳಿದ್ರಿ! ಹಿಂದೆ ಬರೋ ಗಾಡಿ ಡ್ರೈವರ್‌ಗೆ ಕಾಣಬೇಡ್ವಾ?”

ಹಾಗಾಗಿ ಮನೆಯ ದಿಂಬಿನ ಕವರ್‌ಗಳೆಲ್ಲ ಡಿಪೋಗೆ ಬಂದವು. “ನಮ್ಮ ಯಜಮಾನ್ರು ಬರೀ ದಿಂಬಿನ ಮೇಲೆ ತಲೆಯಿಟ್ಟು ರಾತ್ರಿಯೆಲ್ಲ ಗೊಣಗ್ತಾರೆ,” ಎಂದು ನಗುತ್ತಾರೆ. ಒಬ್ಬ ಡ್ರೈವರ್ ಅವಸರದಲ್ಲಿ ಕವರ್ ಸಮೇತ ಗೇಟಿನವರೆಗೂ ಹೋಗಿ ಕಾವಲುಗಾರನಿಂದ ಚೆನ್ನಾಗಿ ಬೈಸಿಕೊಂಡ. ಈಗ ಎಲ್ಲರೂ ಹೊರಡುವ ಮುಂಚೆ ಅದನ್ನು ತೆಗೆದು, ಮಡಚಿ, ಅಕ್ಕನ ಕೈಗೆ ಕೊಡುತ್ತಾರೆ. ಎದುರಾಳಿ ಕಾಣೆಯಾದ ಮೇಲೆ ಗಂಡು ಹಕ್ಕಿಯೂ ಹುಳ ಹೆಕ್ಕಲು ನೆಲಕ್ಕಿಳಿದಿದೆ.

ನಾವು ಮಾತಾಡುತ್ತಿರುವಾಗಲೇ ಪೈಪಿನ ಬಾಯಲ್ಲಿ ಮೋಟು ಬಾಲದ ಮರಿಯೊಂದು ಇಣುಕುತ್ತದೆ. ತಡವರಿಸಿ, ರೆಕ್ಕೆ ಬಡಿದು, ಹೊರಡಲು ಸಿದ್ಧವಾದ ಬಸ್ಸಿನ ಮೂತಿಯ ಮೇಲೆ ಬಂದು ಕೂರುತ್ತದೆ. ಹಿಂದೆಯೇ ಅಪ್ಪ, ಕೊಕ್ಕಿನಲ್ಲಿ ಹುಳ. ಡ್ರೈವರ್ ಕೀಲಿಗೆ ಕೈ ಹಾಕಿದವನು ಅಕ್ಕನ ಮುಖ ನೋಡುತ್ತಾನೆ.

“ತಡಿ ತಮ್ಮಾ, ಅದು ತಿಂದ್ಕೊಳ್ಲಿ,” ಎನ್ನುತ್ತಾರೆ ಅಕ್ಕ, ಬಿರಿದ ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತ. “ಲೇಟ್ ಯಾಕಾಯ್ತು ಅಂತ ಯಾರಾದ್ರೂ ಕೇಳಿದ್ರೆ ನನ್ನ ಕಡೆ ಕೈ ತೋರ್ಸು.”