ಎರಡನೆಯ ಸಾಲು

ನಮ್ಮ ಆಫೀಸಿನಲ್ಲಿ ಎಲ್ಲರೂ ಅವರನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಂಪ್ಯೂಟರು ಇನ್ನೊಂದಕ್ಕೆ ಕಳಿಸುವ ಮಾತನ್ನು ನಡುವೆ ಯಾರೂ ಓದದ ಹಾಗೆ ಬೀಗ ಹಾಕಿ ಕಳಿಸುವುದು, ಬಂದದ್ದರ ಬೀಗ ತೆಗೆದು ಓದುವುದು, ಈ ಭಾಗದ ಪ್ರೋಗ್ರಾಮೆಲ್ಲ ಅವರದೇ. ಮನೆಯ ಬೀಗದ ಕೈಯನ್ನು ಮಾತ್ರ ಎಲ್ಲಿಟ್ಟೆ ಎಂದು ದಿನಾ ಚೀಲ ತಡಕಾಡುತ್ತಿದ್ದರು. ಹೆಸರು ಬಂದದ್ದು ಯಾವುದರಿಂದ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಅವರ ಪಕ್ಕದ ಮೇಜಿನವಳು. ಬೇರೆಯವರು ಬರೆದ ಪ್ರೋಗ್ರಾಮನ್ನು ಹೇಗಾದರೂ ಕೆಡಿಸಿ ತಪ್ಪು ತೋರಿಸುವುದೇ ನನ್ನ ಕೆಲಸವಾದ್ದರಿಂದ ಆಫೀಸಿನಲ್ಲಿ ಬಹಳ ಜನಕ್ಕೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಅಕ್ಕನಿಗೆ ಮಾತ್ರ ಹಾಗಿರಲಿಲ್ಲ. ತಪ್ಪು ತೋರಿಸಿದ ದಿನವೇ ನನಗೆ ಚಹಾ ಕೊಡಿಸುತ್ತಿದ್ದರು.

ಅವರ ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕೂತು ಬ್ರೇಕು, ಕ್ಲಚ್ಚು, ಬಲಗಡೆ ನೋಡಯ್ಯಾ ಎಂದು ಜೀವಮಾನವಿಡೀ ಕೂಗಿದ ಗಂಟಲು ಅವರದು. ಆ ಗಂಟಲಲ್ಲೇ ಗಡ್ಡೆ ಕಾಣಿಸಿತು. ಆಪರೇಷನ್ನಿನಲ್ಲಿ ಗಡ್ಡೆಯ ಜೊತೆ ದನಿಯೂ ಹೋಯಿತು. ಕೈ ನಡುಗುತ್ತಿದ್ದುದರಿಂದ ಫೋನಿನ ಸಣ್ಣ ಅಕ್ಷರಗಳನ್ನು ಒತ್ತಲು ಬರುತ್ತಿರಲಿಲ್ಲ. ನಮ್ಮ ಆಫೀಸಿನಲ್ಲೋ, ಫೋನನ್ನು ಬಾಗಿಲಲ್ಲೇ ಕಾವಲಿನವನ ಕೈಗೆ ಕೊಟ್ಟು ಒಳಗೆ ಬರಬೇಕು.

ಅಕ್ಕ ಒಂದು ರಜೆಯಲ್ಲಿ ಕೂತು ಅವರಿಗೊಂದು ಡಬ್ಬಿ ಮಾಡಿಕೊಟ್ಟರು. ದೊಡ್ಡ ದೊಡ್ಡ ಗುಂಡಿಗಳ ಕೀಬೋರ್ಡು, ಅದರ ಮೇಲೊಂದು ಪುಟ್ಟ ಪರದೆ. ಮೇಷ್ಟ್ರು ಮನೆಯಲ್ಲಿ ಒಂದು ಸಾಲು ಒತ್ತಿದರೆ ಇಲ್ಲಿ ಅಕ್ಕನ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಕಪ್ಪು ಕಿಟಕಿಯಲ್ಲಿ ಅದು ಮೂಡುತ್ತಿತ್ತು, ಅಕ್ಕ ಬರೆದದ್ದು ಅಲ್ಲಿ ಮೂಡುತ್ತಿತ್ತು. ಮ್ಯಾನೇಜರು ದೊಡ್ಡ ಮನಸ್ಸು ಮಾಡಿ ಒಪ್ಪಿಗೆ ಕೊಟ್ಟರು. ಊಟ ಆಯ್ತಾ, ಮಾತ್ರೆ ತಗೊಂಡ್ರಾ ಅನ್ನೋದಕ್ಕೂ ಬೀಗ ಯಾಕೆ ಎಂದು ನಾನು ರೇಗಿಸಿದರೆ, ಗಂಡ ಹೆಂಡತಿಯ ಮಾತನ್ನು ಬೀದಿಗೆ ಬಿಡುವವಳಲ್ಲ ನಾನು ಎಂದು ಅಕ್ಕ ಹುಬ್ಬು ಹಾರಿಸುತ್ತಿದ್ದರು.

ಆ ಕಿಟಕಿಯಲ್ಲಿ ಅವರದೇ ಆದ ರೀತಿನೀತಿಗಳಿದ್ದವು. ಸಂಜೆ ಹೊರಡುವಾಗ ಅಕ್ಕ "ಬಂದೆ" ಎಂದು ಬರೆಯುತ್ತಿದ್ದರು. ಅವರು ಮನೆ ಮುಟ್ಟಿದ ಮೇಲೆ ಮೇಷ್ಟ್ರು ಡಬ್ಬಿಯ ಕೆಂಪು ಗುಂಡಿ ಒತ್ತಿ ಆರಿಸುತ್ತಿದ್ದರು. ಬೀಗ ಹಾಕಿದ ದಾರಿಗೆ ಒಂದು ಮರ್ಯಾದೆಯಿದೆಯಂತೆ. ಎದ್ದು ಹೋಗುವವರು ಹೇಳಿಯೇ ಹೋಗಬೇಕು, ಇಲ್ಲದಿದ್ದರೆ ನಡುವೆ ಯಾರೋ ದಾರಿ ಕತ್ತರಿಸಿದರು ಎಂದು ಅನುಮಾನಪಡಬೇಕಾಗುತ್ತದೆ. ಹಾಗಾಗಿ ಕೆಂಪು ಗುಂಡಿ ಒತ್ತಿದಾಗ ಡಬ್ಬಿ ಮೊದಲು ಹೊರಟೆ ಎಂದು ತಿಳಿಸಿ ಆಮೇಲೆ ಆರುತ್ತಿತ್ತು. ಆಗ ಕಿಟಕಿಯಲ್ಲಿ "ಮೇಷ್ಟ್ರು ಎದ್ದು ಹೋದರು" ಎಂಬ ಸಾಲು ಬರುವಂತೆ ಅಕ್ಕ ತಮಾಷೆಗೆ ಬರೆದಿಟ್ಟಿದ್ದರು. ಮಾರನೆ ದಿನ ಬೆಳಿಗ್ಗೆ ಅದನ್ನು ನೋಡಿ, ಹೋಗ್ತಾರೆ ಹೋಗ್ತಾರೆ, ಎಲ್ಲಿಗೆ ಹೋಗ್ತಾರೆ ಎಂದು ನಗುತ್ತಿದ್ದರು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೇಷ್ಟ್ರ ಮೊದಲ ಮಾತು ಯಾವಾಗಲೂ ಬೇಡ ಎಂದೇ. ಚಹಾ ಬೇಕಾ ಎಂದರೆ ಬೇಡ ಅನ್ನುವರು, ಲೋಟ ಮುಂದೆ ಹಿಡಿಯುವರು. ಹೊಸ ಅಂಗಿ ಬೇಡ ಎಂದು ಅಂಗಡಿಯಿಂದ ಹೊರಗೆ ಬಂದು, ಆ ನೀಲಿಯದು ಪರವಾಗಿಲ್ಲ ಎಂದು ಮತ್ತೆ ಒಳಗೆ ಹೋಗುವರು. ಅಕ್ಕನನ್ನು ನೋಡಲು ಬಂದಾಗಲೂ ಮದುವೆ ಈಗಲೇ ಬೇಡ ಅಂದಿದ್ದರಂತೆ. ಎದ್ದು ಬಾಗಿಲವರೆಗೂ ಹೋಗಿ ತಿರುಗಿ ಬಂದು, ಸುಮ್ಮನೆ ಹಾಗಂದೆ ಅಂದರಂತೆ. ದನಿ ಹೋದರೂ ಈ ಚಾಳಿ ಹೋಗಲಿಲ್ಲ. ಬೇಡ ಎಂದು ಒಂದು ಸಾಲು ಬರುತ್ತಿತ್ತು, ಅದರ ಹಿಂದೆಯೇ ನಿಜವಾದ ಸಾಲು ಬರುತ್ತಿತ್ತು. "ಅವರ ಎರಡನೇ ಮಾತೇ ಮಾತು. ಮೊದಲನೇದನ್ನ ಕಿವಿಗೇ ಹಾಕ್ಕೊಳ್ಳಬಾರದು ಕಣೇ" ಎಂದು ಅಕ್ಕ ನನಗೇ ಹೇಳಿದ್ದುಂಟು.

ಒಂದು ಸಲ ಮಾತ್ರ ಕಿಟಕಿ ಎಡವಟ್ಟು ಮಾಡಿತ್ತು. ಅವರ ಬೀದಿಯಲ್ಲಿ ನೆಟ್ ಹೋಗಿ ಬಂದ ಮೇಲೆ ಮೇಷ್ಟ್ರ ಉತ್ತರಗಳೆಲ್ಲ ಒಂದೊಂದು ಹೆಜ್ಜೆ ಹಿಂದೆ ಬೀಳತೊಡಗಿದವು. ಊಟ ಆಯ್ತಾ ಎಂದರೆ, ಪಕ್ಕದ ಮನೆಯ ಬೆಕ್ಕು ಎಂದು ಬಂತು. ಬೆಕ್ಕಾ ಎಂದು ಕೇಳಿದರೆ, ಆಯ್ತು ಎಂದು ಬಂತು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಕ್ಕ ಕಿಟಕಿ ಮುಚ್ಚಿ ಮತ್ತೆ ತೆರೆದರು, ಸರಿಹೋಯಿತು. ಸರಿಹೋದದ್ದನ್ನು ಯಾರು ಬಿಚ್ಚಿ ನೋಡುತ್ತಾರೆ.

ಆ ದಿನ ಬೆಳಿಗ್ಗೆಯೇ ಮೇಷ್ಟ್ರು ಸಪ್ಪಗಿದ್ದರಂತೆ. ಅಕ್ಕನ ಕೈ ಕೆಲಸ ಮಾಡುತ್ತಿತ್ತು, ಕಣ್ಣು ಕಿಟಕಿಯ ಮೇಲಿತ್ತು. ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಬಂದು, ಹೇಗಿದ್ದೀರಿ, ಬರಲಾ ಎಂದು ಬರೆದರು. ಬಹಳ ಹೊತ್ತು ಏನೂ ಬರಲಿಲ್ಲ. ಅಕ್ಕ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡರು. ಅಷ್ಟರಲ್ಲಿ ಸಾಲು ಮೂಡಿತು.

"ಬರಬೇಡ. ಏನೂ ಆಗಿಲ್ಲ."

ಅಕ್ಕ ಚೀಲ ಇಳಿಸಲಿಲ್ಲ. ನನ್ನ ಕಡೆ ತಿರುಗಿ, ತಡಿ, ಇನ್ನೊಂದು ಬರುತ್ತೆ ಎಂದರು. ನಿಂತೇ ಇದ್ದರು. ನಾನೂ ಕೆಲಸ ಬಿಟ್ಟು ನೋಡುತ್ತಿದ್ದೆ. ಎರಡನೆಯ ಸಾಲು ಬರಲಿಲ್ಲ. ಕೊನೆಗೆ ಅಕ್ಕ, ಇವತ್ತು ನಿಜವಾಗಲೂ ಬೇಡವೇನೋ ಎಂದು ಚೀಲ ಕೆಳಗಿಟ್ಟರು. ಕಿಟಕಿಯಲ್ಲಿ "ಸರಿ" ಎಂದು ಬರೆದು ಕೆಲಸಕ್ಕೆ ಕೂತರು. ಆಮೇಲೆ ಆ ಕಡೆಯಿಂದ ಮಾತಿಲ್ಲ, ಮಲಗಿರಬೇಕು ಎಂದುಕೊಂಡೆವು.

ಎದುರು ಮನೆಯಲ್ಲಿದ್ದ ಅವರ ನಾದಿನಿ, ಮೇಷ್ಟ್ರ ತಂಗಿ, ಸಂಜೆ ಚಹಾ ತಂದಾಗ ನೋಡಿದ್ದು. ಮೇಷ್ಟ್ರು ಕೋಣೆಯಲ್ಲಿರಲಿಲ್ಲ. ಕುರ್ಚಿಯನ್ನು ನಡುಮನೆಗೆ ಎಳೆದುಕೊಂಡು, ಬೀದಿ ಬಾಗಿಲಿನ ಚಿಲಕ ತೆಗೆದು ಪೂರ್ತಿ ತೆರೆದಿಟ್ಟು, ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಉಸಿರಿರಲಿಲ್ಲ. ಹೃದಯ ನಿಂತಿತ್ತು ಎಂದರು ಡಾಕ್ಟರು. ಗಾಳಿ ಬರಲಿ ಅಂತ ಬಾಗಿಲು ತೆಗೆದಿದ್ದಾರೆ ಪಾಪ ಎಂದರು ನೆರೆಹೊರೆಯವರು.

ನಾವೆಲ್ಲ ಹೋಗಿದ್ದೆವು. ಅಕ್ಕ ಅಳಲಿಲ್ಲ, ಸಿಟ್ಟಾಗಿದ್ದರು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. "ಬರಲಾ ಅಂತ ಕೇಳ್ದೆ. ಬೇಡ ಅಂದ್ರು. ಇಷ್ಟು ವರ್ಷ ಬೇಡ ಬೇಡ ಅಂತ ಎಲ್ಲಾದಕ್ಕೂ ಹೂಂ ಅಂದೋರು, ಸಾಯೋವಾಗ ಒಂದ್ಸಲ ಬೇಡ ಅಂದು ಸುಮ್ನಾಗ್ಬಿಟ್ರು. ನಾನು ಬೇಡ ಆಗಿದ್ನಾ?" ನಾನು ಅವರ ಕೈ ಹಿಡಿದು, ಕಷ್ಟ ಕೊಡೋದು ಬೇಡ ಅಂತ ಹಾಗಂದಿರ್ತಾರೆ ಅಕ್ಕಾ, ಅವರು ಹೇಳಿದ ಹಾಗೆ ನೀವು ಕೇಳಿದ್ರಿ ಎಂದೆ. ಅದಕ್ಕಿಂತ ಬೇರೆ ಸಮಾಧಾನ ನನಗೆ ಹೊಳೆಯಲಿಲ್ಲ. ಮುಂದಿನ ದಿನಗಳಲ್ಲಿ ಅಕ್ಕ ಹಿಡಿದುಕೊಂಡದ್ದೂ ಅದನ್ನೇ.

ಅವರ ಕಂಪ್ಯೂಟರನ್ನು ನಾನು ಯಾರಿಗೂ ಮುಟ್ಟಗೊಡಲಿಲ್ಲ. ಗುಡಿಸುವಾಕೆ ಸ್ವಿಚ್ಚಿನ ಹತ್ತಿರ ಹೋದರೂ ಹರಿಹಾಯುತ್ತಿದ್ದೆ. ಬರಬೇಡ, ಏನೂ ಆಗಿಲ್ಲ ಎಂಬ ಸಾಲು, ಅದರ ಕೆಳಗೆ ಅಕ್ಕನ ಸರಿ, ಹಾಗೇ ಇದ್ದವು.

ಅಕ್ಕ ಕೆಲಸಕ್ಕೆ ಮರಳಿದ ದಿನ ಮೊದಲು ನೋಡಿದ್ದು ಅದನ್ನೇ. ಅಷ್ಟರಲ್ಲಿ ಮೇಜಿನ ಮೇಲಿನ ಆಫೀಸ್ ಫೋನು ಹೊಡೆದುಕೊಂಡಿತು. ಮಾಡಿದವಳು ನಾದಿನಿ. ಅಣ್ಣನ ಕೋಣೆ ಗುಡಿಸುತ್ತಿದ್ದಳಂತೆ. ಆ ಡಬ್ಬಿಯ ದೀಪ ಅವತ್ತಿನಿಂದ ಉರೀತಾನೇ ಇದೆ ಅತ್ತಿಗೆ, ನೋಡೋಕಾಗಲ್ಲ, ಆರಿಸಲಾ ಎಂದು ಕೇಳಿದಳು. ವಯರು ಕೀಳಬೇಡ, ಕೆಂಪು ಗುಂಡಿ ಒತ್ತು ಎಂದರು ಅಕ್ಕ. ಫೋನು ಕಿವಿಯಲ್ಲೇ ಇತ್ತು, ಕಣ್ಣು ಕಿಟಕಿಯಲ್ಲಿ. ತಾವೇ ಬರೆದ ತಮಾಷೆಯ ಸಾಲು ಈಗ ಬರುತ್ತದೆಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ನೋಡಲಾರದೆ ತಲೆ ತಗ್ಗಿಸಿದ್ದೆ.

ಅಕ್ಕನ ಬಾಯಿಂದ ಸಣ್ಣ ಸದ್ದು ಬಂತು. ತಲೆಯೆತ್ತಿದೆ. ಕಿಟಕಿಯಲ್ಲಿ ಹೊಸದಾಗಿ ಒಂದಲ್ಲ, ಎರಡು ಸಾಲುಗಳಿದ್ದವು.

"ಸುಮ್ಮನೆ ಹಾಗಂದೆ. ಬಾ."

ಅದರ ಕೆಳಗೆ, ಮೇಷ್ಟ್ರು ಎದ್ದು ಹೋದರು.

ಹೋದವರ ಸಾಲು ಈಗ ಹೇಗೆ ಬಂತೆಂದು ನನಗೆ ತಿಳಿಯಲಿಲ್ಲ. ಅಕ್ಕನಿಗೆ ಮಾತ್ರ ಆ ಕ್ಷಣದಲ್ಲೇ ಎಲ್ಲ ತಿಳಿದುಹೋಯಿತು. ಅವತ್ತು ಮಧ್ಯಾಹ್ನ ನೆಟ್ ಹೋಗಿತ್ತಾ ಎಂದು ನಾದಿನಿಯನ್ನು ಕೇಳಿದರು. ಸ್ವಲ್ಪ ಹೊತ್ತು ಹೋಗಿತ್ತು ಅತ್ತಿಗೆ ಎಂದಳು ಅವಳು. ಅಕ್ಕ ಫೋನು ಇಟ್ಟರು. ಹೊಸಬರಿಗೆ ಪಾಠ ಹೇಳುವ ದನಿಯಲ್ಲೇ, ಪರದೆಯಿಂದ ಕಣ್ಣು ತೆಗೆಯದೆ ನನಗೆ ಹೇಳಿದರು. ನೆಟ್ ಇಲ್ಲದಾಗ ಡಬ್ಬಿ ಎರಡೂ ಸಾಲುಗಳನ್ನು ಕೂಡಿಟ್ಟುಕೊಂಡು, ನೆಟ್ ಬಂದೊಡನೆ ಒಂದೇ ಗಂಟು ಕಟ್ಟಿ ಬೀಗ ಹಾಕಿ ಕಳಿಸಿತ್ತು. ಇಲ್ಲಿ ಬೀಗ ತೆಗೆಯುವ ಭಾಗ ಗಂಟು ಬಿಚ್ಚಿತು. ಸಾಲನ್ನು ತೋರಿಸುವ ಕಿಟಕಿಯ ಪ್ರೋಗ್ರಾಮು ಕೇಳಿದ್ದು ಒಂದು ಸಾಲು, ಒಂದನ್ನು ಕೊಟ್ಟಿತು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು, ಕೇಳಿದರೆ ಕೊಡೋಣ ಎಂದು ಕಾದಿತ್ತು. ಪ್ರೋಗ್ರಾಮು ಕೇಳಲೇ ಇಲ್ಲ. ತಂತಿಯ ಮೇಲೆ ಹೊಸದೇನಾದರೂ ಬರುತ್ತದಾ ಎಂದು ಹೊರಗೆ ನೋಡುತ್ತ ಕೂತುಬಿಟ್ಟಿತು. ಈಗ ಡಬ್ಬಿ ಹೊರಟೆ ಎಂದು ಹೇಳಿದ ಸದ್ದಿಗೆ ಎದ್ದು ಓದಲು ಹೋದಾಗ, ಮೊದಲು ಕೈಗೆ ಬಂದದ್ದು ಅವತ್ತಿನ ಸಾಲು.

"ಹೊರಗೆ ನೋಡೋಕೆ ಮುಂಚೆ, ಒಳಗೆ ಇನ್ನೇನಾದ್ರೂ ಉಳಿದಿದೆಯಾ ಅಂತ ಕೇಳ್ಬೇಕು" ಎಂದರು ಅಕ್ಕ. "ಒಂದೇ ಒಂದು ಪ್ರಶ್ನೆ. ಆಫೀಸಿನ ಪ್ರೋಗ್ರಾಮಲ್ಲಿ ಎಲ್ಲಾ ಕಡೆ ಹಾಕಿದೀನಿ. ಮನೇದಲ್ವಾ ಅಂತ ಇದಕ್ಕೆ ಹಾಕಲಿಲ್ಲ."

ನಾನು ಏನೋ ಹೇಳಲು ಹೋದೆ. ನೀವು ಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನೇ ಹೇಳುತ್ತಿದ್ದೆನೇನೋ. ಅಕ್ಕ ಕೈಯೆತ್ತಿ ತಡೆದರು. ಬೆರಳು ಪರದೆಯ ಮೇಲೆ ತಾವು ಬರೆದ "ಸರಿ"ಯ ಹತ್ತಿರ ನಿಂತಿತ್ತು.

"ಬಾ ಅಂದಿದ್ರು ಕಣೇ. ಅದಕ್ಕೆ ನಾನು ಸರಿ ಅಂದೆ."

ಆಗ ನನಗೆ ಆ ಕುರ್ಚಿ ನೆನಪಾಯಿತು, ಚಿಲಕ ತೆಗೆದ ಬಾಗಿಲು ನೆನಪಾಯಿತು. ಗಾಳಿಗಲ್ಲ. ಇವಳು ಬೀಗದ ಕೈ ಮರೆತಿರುತ್ತಾಳೆ, ಬಂದಾಗ ತೆಗೆಯಲು ತನ್ನ ಕೈಲಾಗದಿದ್ದರೆ ಎಂದು ಮೇಷ್ಟ್ರು ಮೊದಲೇ ಬಾಗಿಲು ತೆರೆದು ಕೂತಿದ್ದರು. ಹೆಂಡತಿ ದಾರಿಯಲ್ಲಿದ್ದಾಳೆ ಎಂದುಕೊಂಡೇ ಕಾದಿದ್ದರು. ಬೇರೆಯವರ ತಪ್ಪು ಹುಡುಕಿ ಸಂಬಳ ತಿನ್ನುವವಳು ನಾನು, ಸಿಕ್ಕ ತಪ್ಪಿಗೆಲ್ಲ ಕುಣಿದಾಡಿದವಳು. ಈ ಒಂದು ತಪ್ಪು ಯಾರ ಕಣ್ಣಿಗೂ ಬೀಳದೇ ಹೋಗಿದ್ದರೆ ಆಗುತ್ತಿತ್ತು ಅನ್ನಿಸಿತು.

ಅಕ್ಕ ಅಳಲು ಶುರುಮಾಡಿದರು. ಅಳುತ್ತಲೇ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ಕಿಟಕಿಯಲ್ಲಿ "ಬಂದೆ" ಎಂದು ಬರೆದು ಒತ್ತಿದರು. ಆ ಕಡೆ ಮುಚ್ಚಿಹೋಗಿತ್ತು, ಸಾಲು ಹೋಗಲಿಲ್ಲ. ಅಕ್ಕ ಇನ್ನೊಮ್ಮೆ ಒತ್ತಿದರು.