ಕ್ರೇನು ಅನ್ನೋ ಹುಡುಗಿಯ ದನಿ

ಅವಳ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದಿದ್ದು ಇಸ್ತ್ರಿಯವನ ಬಾಯಿಂದ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವನದು ಇಸ್ತ್ರಿ, ನನ್ನದು ಬೆಡ್‌ಶೀಟು ಮಡಚೋ ಕೆಲಸ. "ಅಕ್ಕ, ಕೆಳಗಡೆ ಹೊಸ ಹುಡುಗಿ ಬಂದಿದ್ದಾಳೆ. ನಾವಿಬ್ಬಿಬ್ಬರು ಎಳೆಯೋ ಒದ್ದೆ ಗಂಟನ್ನ ಒಬ್ಬಳೇ ಹೆಗಲಿಗೆ ಹಾಕ್ಕೊಂಡು ಹೋದಳು. ಹೆಣ್ಣಲ್ಲ ಅದು, ಕ್ರೇನು," ಅಂದ. ಅವತ್ತಿಂದ ಅದೇ ಅವಳ ಹೆಸರು. ಅವಳೂ ಓಗೊಡುತ್ತಿದ್ದಳು.

ನನ್ನ ಯಜಮಾನರು ಹೋದಮೇಲೆ ಖಾಲಿ ಬಿದ್ದಿದ್ದ ನಮ್ಮ ಮನೆಯ ಹಿಂದಿನ ಕೋಣೆಗೆ ಅವಳೇ ಬಾಡಿಗೆಗೆ ಬಂದಳು. ಕೆಲಸ ಮುಗಿಸಿ ಜಿಮ್ಮಿಗೆ ಹೋಗಿ ಭಾರ ಎತ್ತುವಳು. ಸ್ಪರ್ಧೆಯಲ್ಲಿ ಗೆಲ್ಲೋ ಆಸೆ. ಅಲ್ಲಿನ ಕೋಚು ಶಕ್ತಿಗೆ ಅಂತ ಸಣ್ಣ ಮಾತ್ರೆ ಕೊಟ್ಟಿದ್ದ. ಸುಳ್ಳಲ್ಲ, ಶಕ್ತಿ ಬಂತು. ತೋಳು ತುಂಬಿಕೊಂಡಿತು, ಎಷ್ಟು ದುಡಿದರೂ ದಣಿವಿಲ್ಲ. ನಾನು ಬಚ್ಚಲಲ್ಲಿ ಜಾರಿ ಬಿದ್ದಾಗ ಹೂವೆತ್ತಿದ ಹಾಗೆ ಎತ್ತಿ ಮಂಚಕ್ಕೆ ಹಾಕಿದಳು. ಪದಕವೂ ಬಂತು.

ಮುಟ್ಟು ನಿಂತಿತು. "ಪೀಡೆ ತೊಲಗಿತು ದೊಡ್ಡಮ್ಮ," ಅಂದಳು. ಮುಖದ ತುಂಬ ಮೊಡವೆ, ಗಲ್ಲದಲ್ಲಿ ಕೂದಲು. ಆಮೇಲೆ ಗಂಟಲು ಕಟ್ಟಿತು. "ಏನಮ್ಮ ಕ್ರೇನು, ಇವತ್ತು ನೀನು ಬಂದ್ಯಾ, ನಿಮ್ಮಣ್ಣನ್ನ ಕಳಿಸಿದ್ಯಾ?" ಅಂದ ಇಸ್ತ್ರಿಯವನು. ಆ ಹಬೆ, ಆ ಸೋಪಿನ ಘಾಟಿಗೆ ಲಾಂಡ್ರಿಯಲ್ಲಿ ಎಲ್ಲರಿಗೂ ಗಂಟಲು ಕಟ್ಟುತ್ತದೆ. ಹಾಗಾಗಿ ನಾವೂ ಅದೇ ಅಂದುಕೊಂಡೆವು. ಬೆಳಗಾದರೆ ನಾನು ಬಿಸಿನೀರಿಗೆ ಉಪ್ಪು ಹಾಕಿ ಕೊಡುವೆ. ಅವಳು ಗಂಟಲು ಮುಕ್ಕಳಿಸಿ, ಪಾತ್ರೆಯಲ್ಲಿ ಮಿಕ್ಕ ಬಿಸಿನೀರಲ್ಲೇ ಆ ಮಾತ್ರೆ ನುಂಗುವಳು. ಚಳಿಗಾಲ ಹೋಗಿ ಬೇಸಿಗೆ ಬಂದರೂ ಇದೇ ನಡೆದಿತ್ತು.

ಅವಳ ತಾಯಿ ದೂರದಲ್ಲಿ ಮಗನ ಮನೆಯಲ್ಲಿದ್ದರು. ಕಣ್ಣು ಹೋಗಿತ್ತು. ಅವರಿಗೆ ಮಗಳು ಅಂದರೆ ಫೋನಿನ ದನಿ, ಅಷ್ಟೇ. ಗಂಟಲು ಸರಿಹೋಗಲಿ ಅಂತ ಇವಳು ಫೋನು ಮಾಡದೆ ದಿನ ತಳ್ಳುತ್ತಿದ್ದಳು. ಒಂದು ಭಾನುವಾರ ತಡೆಯಲಾರದೆ ಮಾಡಿದಳು.

"ಅಮ್ಮ, ನಾನು."

"ಯಾರಪ್ಪ ನೀನು? ಮಗಳ ಫೋನು ಅಂದಳಲ್ಲ ಸೊಸೆ. ನನ್ನ ಮಗಳಿಗೆ ಕೊಡು."

ಇವಳು ಫೋನು ಇಟ್ಟುಬಿಟ್ಟಳು.

ಮಾರನೇ ದಿನ ಆಸ್ಪತ್ರೆಯ ಡಾಕ್ಟರಮ್ಮನಿಗೆ ಗಂಟಲು ತೋರಿಸಿದೆವು. ಏನಾದರೂ ಔಷಧಿ ತಗೊಳ್ತೀಯಾ ಅಂತ ಅವರು ಕೇಳಿದಾಗ ಆ ಮಾತ್ರೆ ತೆಗೆದು ಕೊಟ್ಟಳು.

"ಇದು ಸ್ಟೀರಾಯ್ಡ್. ಗಂಡಸರ ಹಾರ್ಮೋನಿನ ಜಾತಿಯದ್ದು. ಇನ್ನು ಮುಟ್ಟಬೇಡ. ಲಿವರ್ ಪರೀಕ್ಷೆ ಮಾಡಿಸೋಣ. ಮೊಡವೆ ಹೋಗುತ್ತೆ, ಮುಟ್ಟು ಮತ್ತೆ ಶುರುವಾಗಬಹುದು."

"ದನಿ?"

"ಅದು ಕಷ್ಟ ಕಣಮ್ಮ. ಗಂಟಲೊಳಗೆ ದಪ್ಪ ಆಗಿದ್ದು ಸಾಮಾನ್ಯವಾಗಿ ಹಿಂದಕ್ಕೆ ಹೋಗಲ್ಲ."

ಸರಿ ಅಂದು ಕೆಲಸಕ್ಕೆ ಇಳಿದಳು. ಅವತ್ತೂ ಗಂಟು ಎತ್ತಿದಳು. ನಾನು ಬೆಡ್‌ಶೀಟು ಮಡಚಿದೆ. ಕೆಲವು ತಿಂಗಳಿಗೆ ಮುಟ್ಟು ಬಂತು. ದನಿ ಹಾಗೇ ಉಳಿಯಿತು.

ಬೇರೆ ಊರಲ್ಲಿ ಕೆಲಸ ಸಿಕ್ಕಿ ಹೊರಡುವ ಹಿಂದಿನ ದಿನ, ಫೋನು ತಂದು ನನ್ನ ಮಡಿಲಲ್ಲಿಟ್ಟಳು. ಅವಳು ನನ್ನನ್ನು ಕಡೆಯದಾಗಿ ಕೇಳಿದ್ದು ಇದೇ.

"ದೊಡ್ಡಮ್ಮ, ಅಮ್ಮನ ಹತ್ತಿರ ನೀವು ಮಾತಾಡಿ. ನಾನು ಸ್ನಾನಕ್ಕೆ ಹೋಗಿದ್ದೀನಿ ಅನ್ನಿ. ಸ್ಪೀಕರ್ ಹಾಕಿ, ಸ್ವಲ್ಪ ಹೊತ್ತು ಅವಳನ್ನ ಮಾತಾಡಿಸ್ತಾ ಇರಿ. ನಾನು ಇಲ್ಲೇ ಕೂತಿರ್ತೀನಿ."